ಣಕಾರದ ಮೊಮ್ಮಗ

ಹೊಸಕೆರೆಹಳ್ಳಿಯ ನಮ್ಮ ಬೀದಿಯಲ್ಲಿ ನಿಂತು ಯಾರಾದರೂ "ವಿಜಯಕುಮಾರ್" ಎಂದು ಕೂಗಿದರೆ ಸಂಚಾರ ಅಸ್ತವ್ಯಸ್ತವಾಗುತ್ತದೆ. ಹಾಲಿನ ಬೂತಿನವರು ತಿರುಗುತ್ತಾರೆ, ಸೆಂಟ್ರಿಂಗ್ ಕೆಲಸದವರು ಸ್ಕೂಟರ್ ನಿಲ್ಲಿಸುತ್ತಾರೆ, ಕೇಬಲ್‌ನವರು ಕಂಬದ ಮೇಲಿಂದಲೇ "ಏನ್ ಸಾರ್?" ಎನ್ನುತ್ತಾರೆ. ಎಲ್ಲರೂ ವಿಜಯಕುಮಾರರೇ, ಎಲ್ಲರೂ ಅರವತ್ತರ ಆಸುಪಾಸಿನವರೇ. ಆ ಕಾಲದಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಬೇರೆ ಹೆಸರು ಇಡಕೂಡದೆಂದು ಸರ್ಕಾರದ ಆಜ್ಞೆ ಇತ್ತೇನೋ ಎಂದು ನನಗೆ ಅನುಮಾನ.

ಇವರೆಲ್ಲರ ಪೈಕಿ ನಮ್ಮ ಮನೆ ಓನರ್ ವಿಜಯಕುಮಾರರ ಸಂಕಟವೇ ಬೇರೆ. ನಾನು ಅವರ ಮನೆಯ ಮೊದಲ ಮಹಡಿಯ ಬಾಡಿಗೆದಾರ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಅವರ ಸಂಕಟಗಳೆಲ್ಲ ಮೆಟ್ಟಿಲು ಹತ್ತಿ ಮೊದಲು ನನ್ನ ಹತ್ತಿರವೇ ಬರುತ್ತವೆ. ಒಮ್ಮೆ ಇದೇ ಹೆಸರಿನ ಇನ್ನೊಬ್ಬರಿಗೆ ಮೂಲವ್ಯಾಧಿಯ ಆಪರೇಷನ್ ಆಯಿತು. ನೋಡಲು ಬಂದವರೆಲ್ಲ ವಿಳಾಸ ಕೇಳಿಕೊಂಡು ನಮ್ಮವರ ಮನೆಗೆ ಬಂದರು. ಇವರು "ನನಗಲ್ಲ ಕಣ್ರೀ" ಎಂದಷ್ಟೂ ಬಂದವರು "ಇದರಲ್ಲಿ ನಾಚ್ಕೊಳ್ಳೋದೇನಿದೆ, ನಮ್ ಭಾವನಿಗೂ ಆಗಿತ್ತು" ಎಂದು ಸಮಾಧಾನ ಹೇಳಿ, ಎಳನೀರು ಕೊಟ್ಟು, ಕೂರಲು ಮೆತ್ತನೆಯ ದಿಂಬು ಇಟ್ಟು ಹೋದರು. ಅಂದಿನಿಂದ ಬೀದಿಯಲ್ಲಿ ಇವರು 'ಆಪರೇಷನ್ ವಿಜಯಕುಮಾರ್'. ಆಪರೇಷನ್ ಮಾಡಿಸಿಕೊಂಡವರು ಮಾತ್ರ ಬರೀ ವಿಜಯಕುಮಾರ್ ಆಗಿಯೇ ಉಳಿದರು.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಒಂದಿದೆ. ಇವರ ತಾತನ ಹೆಸರು ಗೂಳಪ್ಪ. ತಂದೆಯ ಹೆಸರು ಚಿಕ್ಕಬೈರಪ್ಪ. ಆಗ ಊರಿನ ತುಂಬ ಬೈರಪ್ಪ, ಮುನಿಯಪ್ಪ, ಗೂಳಪ್ಪಗಳೇ ಇದ್ದರಂತೆ. ತನ್ನ ಮಗನಿಗೆ ಯಾರಿಗೂ ಇಲ್ಲದ ಹೆಸರು ಇಡಬೇಕೆಂದು ಚಿಕ್ಕಬೈರಪ್ಪನವರು ರಾಗಿ ಹೊಲದ ಬದುವಿನ ಮೇಲೆ ಕೂತು ಯೋಚಿಸಿ, ವಿಜಯಕುಮಾರ ಎಂಬ ಹೊಸ ಹೆಸರನ್ನು ತಂದರು. ಊರಿಗೆ ಊರೇ ಬೆರಗಾಯಿತು. ಬೆರಗಾದ ಊರು ಮುಂದಿನ ವರ್ಷ ಹುಟ್ಟಿದ ಪ್ರತಿ ಗಂಡುಮಗುವಿಗೂ ಅದೇ ಹೆಸರು ಇಟ್ಟಿತು.

"ಒರಿಜಿನಲ್ ನಾನು ಮೇಷ್ಟ್ರೇ! ಉಳಿದೋರೆಲ್ಲ ಜೆರಾಕ್ಸು!" ಎಂದು ಓನರ್ ಆಗಾಗ ಎದೆ ತಟ್ಟಿಕೊಳ್ಳುತ್ತಿದ್ದರು.

ಹೀಗಿರುವಾಗ ಅವರಿಗೆ ಮೊಮ್ಮಗ ಹುಟ್ಟಿದ. ಸೊಸೆ ಶುಭಾ ಬಾಣಂತನಕ್ಕೆ ವಿಲ್ಸನ್ ಗಾರ್ಡನ್‌ನ ತಾಯಿಯ ಮನೆಯಲ್ಲಿದ್ದಳು. ಮಗ ದೀಪಕ್ ದಿನಾ ಸಂಜೆ ಅಲ್ಲಿಗೆ ಹೋಗಿ ಮಗುವನ್ನು ನೋಡಿ, ಹೆಂಡತಿಯ ಜೊತೆ ಮಗುವಿನ ಹೆಸರಿನ ಬಗ್ಗೆ ಜಗಳ ಆಡಿ ಬರುತ್ತಿದ್ದ. ಅವನಿಗೆ ರೇಯಾನ್ ಎಂದು ಇಡುವ ಆಸೆ. ಅವಳು "ಅದು ಸೀರೆ ಅಂಗಡಿ ಬಟ್ಟೆ ಥರ ಇದೆ" ಎಂದಳು. ಅವಳಿಗೆ ಕಿಯಾನ್ ಇಷ್ಟ. ಅವನು "ಅದು ಕಾರ್ ಥರ ಇದೆ" ಎಂದ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದು ತೀರ್ಪನ್ನು ವಿಜಯಕುಮಾರರಿಗೆ ಒಪ್ಪಿಸಿದರು.

"ಮಾವ, ನೀವೇ ಇಡಿ. ನಾಮಕರಣದ ದಿನ ಅಕ್ಕಿ ಮೇಲೆ ನೀವೇ ಬರೀರಿ. ಆದ್ರೆ ಯುನೀಕ್ ಆಗಿರ್ಬೇಕು," ಎಂದಳು ಶುಭಾ ಫೋನಿನಲ್ಲಿ. "ನನ್ ಫ್ರೆಂಡ್ಸ್ ಮಕ್ಕಳಲ್ಲಿ ಆ ಹೆಸರಿನೋನು ಇನ್ನೊಬ್ಬ ಇದ್ರೆ, ನಾನೂ ಮಗೂ ವಿಲ್ಸನ್ ಗಾರ್ಡನ್‌ನಲ್ಲೇ ಇದ್ಬಿಡ್ತೀವಿ. ಮಗೂಗೆ ಒಳ್ಳೆ ಹೆಸರು ಸಿಕ್ಕಿದ್ಮೇಲೆ ಬರ್ತೀವಿ."

ಓನರ್ ಫೋನ್ ಇಟ್ಟು ನನ್ನ ಮನೆಯ ಮೆಟ್ಟಿಲು ಹತ್ತಿದರು. ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೆರೆ ಕಡೆ ವಾಕಿಂಗ್ ಹೋಗುವುದು ಅವರ ಬಹುದಿನದ ಕನಸು. ತೊಡೆಯ ಮೇಲೆ ಹಾಕಿಕೊಂಡು ವಾಕಿಂಗ್ ಹೋಗುವುದು ಹೇಗೆ ಎಂದು ನಾನು ಕೇಳಲಿಲ್ಲ. ಓನರ್ ಭಾವುಕರಾದಾಗ ಬಾಡಿಗೆದಾರ ವ್ಯಾಕರಣ ನೋಡಬಾರದು.

"ಮೇಷ್ಟ್ರೇ, ನಾನ್ ಪಟ್ಟಿದ್ದು ನನ್ ಮೊಮ್ಮಗ ಪಡಬಾರ್ದು. ಅವನ ಹೆಸರು ಕರೆದ್ರೆ ಅವನೊಬ್ಬನೇ ತಿರುಗಿ ನೋಡ್ಬೇಕು. ಇಡೀ ಬೆಂಗಳೂರಲ್ಲಿ ಇನ್ನೊಂದು ತಲೆ ಅಲ್ಲಾಡಬಾರ್ದು!"

ಅಲ್ಲಿಂದ ಶುರುವಾಯಿತು ಶೋಧ. ವಿಹಾನ್ ಎಂದರು, ಎದುರು ಮನೆಯಲ್ಲೇ ಒಬ್ಬ ವಿಹಾನ್ ಮೂರು ಗಾಲಿಯ ಸೈಕಲ್ ಹೊಡೆಯುತ್ತಿದ್ದ. ಅದ್ವಿಕ್ ಎಂದರು, ಕೇಬಲ್ ವಿಜಯಕುಮಾರರ ಮೊಮ್ಮಗ ಅದ್ವಿಕ್. ರಿಯಾಂಶ್ ಎಂದರು, ಬೇಕರಿಯ ಹತ್ತಿರ ಒಬ್ಬ ಹೆಂಗಸು ಆ ಹೆಸರು ಹಿಡಿದು ನಾಯಿಯನ್ನು ಕರೆಯುತ್ತಿದ್ದುದನ್ನು ಕಣ್ಣಾರೆ ನೋಡಿ ಬಂದರು. ಬೀದಿಯ ಜನ ಸಲಹೆ ಕೊಡಲು ಹಿಂಜರಿಯಲಿಲ್ಲ. ಸೆಂಟ್ರಿಂಗ್‌ನವರು "ದಿವಾಂಶ್, ಶಿವಾಂಶ್, ದೇವಾಂಶ್, ಯಾವ್ದಾದ್ರೂ ಒಂದು ಅಂಶ ಇಟ್ಬಿಡಿ" ಎಂದರು. ಓನರ್ ಕಣ್ಣು ಕೆಂಪಗೆ ಮಾಡಿ, "ಪೂರ್ತಿ ಮಗು ಹುಟ್ಟಿದೆ ಕಣ್ರೀ, ಅಂಶ ಯಾಕೆ?" ಎಂದರು.

ಕೊನೆಗೆ ಪುರೋಹಿತರಿಗೆ ಫೋನ್ ಮಾಡಿದರು. ಪುರೋಹಿತರು ನಚಿಕೇತ ಎಂಬ ಯುವಕರು. ಕಿವಿಯಲ್ಲಿ ಸದಾ ಬ್ಲೂಟೂತ್ ಇಟ್ಟುಕೊಂಡು, ಒಂದು ಮನೆಯಲ್ಲಿ ಮಂತ್ರ ಹೇಳುತ್ತಲೇ ಇನ್ನೊಂದು ಮನೆಯ ಮುಹೂರ್ತ ನಿಗದಿ ಮಾಡುವವರು.

"ಹಸ್ತಾ ನಕ್ಷತ್ರ, ಮೂರನೇ ಪಾದ ಯಜಮಾನ್ರೇ. ಅಕ್ಷರ ಣ ಬರುತ್ತೆ."

"ಯಾವ ನ? ನಲ್ಲಿ ನೀರಿನ ನ?"

"ಅಲ್ಲ, ಬಣ್ಣದ ಣ. ಆದ್ರೆ ಅದರಲ್ಲಿ ಹೆಸರೇ ಇರಲ್ಲ ಯಜಮಾನ್ರೇ. ಎಲ್ರೂ ಅಡ್ಜಸ್ಟ್ ಮಾಡ್ಕೊಂಡು ನ ಇಂದ ಇಡ್ತಾರೆ. ನೀವೂ ಹಂಗೇ..."

ಮುಂದಿನದನ್ನು ಓನರ್ ಕೇಳಿಸಿಕೊಳ್ಳಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಬಂದು ನನ್ನ ಬಾಗಿಲು ಬಡಿದರು. ಬಾಗಿಲು ತೆಗೆದಾಗ ಅವರ ಮುಖದಲ್ಲಿ ಲಾಟರಿ ಹೊಡೆದವರ ಕಳೆ ಇತ್ತು.

"ಮೇಷ್ಟ್ರೇ, ಕನ್ನಡದಲ್ಲಿ ಣ ಇಂದ ಶುರುವಾಗೋ ಪದ ಒಂದು ಹೇಳಿ!"

ನಾನು ಮೂವತ್ತು ವರ್ಷ ಕನ್ನಡ ಕಲಿಸಿದವನು. ಗಂಭೀರವಾಗಿ ಯೋಚಿಸಿದೆ. ಅಕ್ಷರಮಾಲೆಯ ಪಟದಲ್ಲಿ ಆನೆ, ಇಲಿ ಎಂದು ಚಿತ್ರ ಇರುವಾಗ ಣ ಬಂದಲ್ಲಿ ಮಾತ್ರ ಬಾಣ, ವೀಣೆ ಎಂದು ಬಾಲದಲ್ಲಿ ಣ ಇರುವ ಪದ ಬರೆದು ಮರ್ಯಾದೆ ಉಳಿಸಿಕೊಂಡಿರುತ್ತಾರೆ. ನಿಘಂಟನ್ನೂ ತೆಗೆದು ನೋಡಿದೆ.

"ಇಲ್ಲ ಸಾರ್. ಆ ಅಕ್ಷರ ಪದದ ಮೊದಲಲ್ಲಿ ಬರೋದೇ ಇಲ್ಲ."

"ಸಖತ್!" ಎಂದು ಅವರು ನನ್ನನ್ನು ತಬ್ಬಿಕೊಂಡರು. "ಪದಾನೇ ಇಲ್ಲ ಅಂದ್ಮೇಲೆ ಹೆಸರೆಲ್ಲಿಂದ ಇರುತ್ತೆ? ಪ್ರಪಂಚದಲ್ಲೇ ಮೊದಲನೇ ಣ ನನ್ ಮೊಮ್ಮಗ!"

ನಕ್ಷತ್ರ ಪಾದದಲ್ಲಿ ಣ ಬಂತೆಂದು ಹಿಗ್ಗಿದ ಮೊದಲ ತಾತ ಇವರೇ ಇರಬೇಕು. ಒಂದು ವಾರ ನಾವಿಬ್ಬರೂ ಕೂತು ಹೆಸರು ಕಟ್ಟಿದೆವು. ಣರಸಿಂಹ ಎಂದರೆ ದೇವರಿಗೆ ನೆಗಡಿಯಾದಂತೆ ಕೇಳಿಸಿತು. ಣಾಗರಾಜ ಅಷ್ಟಕ್ಕಷ್ಟೇ. ಕೊನೆಗೆ ಓನರ್ ತಾವೇ ಕಂಡುಹಿಡಿದ ಹೆಸರು: ಣಿವಾನ್.

"ಅರ್ಥ ಏನು ಸಾರ್?" ಎಂದೆ.

"ಈಗಿನ ಕಾಲದಲ್ಲಿ ಅರ್ಥ ಯಾರ್ ಕೇಳ್ತಾರೆ ಮೇಷ್ಟ್ರೇ? ಇಂಟರ್ನೆಟ್‌ನಲ್ಲಿ ಯಾವ ಹೆಸರು ಒತ್ತಿದ್ರೂ ಒಂದು ವಿಷ್ಣುವಿನ ಇನ್ನೊಂದು ಹೆಸರು ಅಂತ ಬರುತ್ತೆ, ಇಲ್ಲಾ ಸೂರ್ಯನ ಮೊದಲ ಕಿರಣ ಅಂತ ಬರುತ್ತೆ. ನಮ್ದೂ ಕಿರಣ ಅಂತ ಹೇಳಿದ್ರಾಯ್ತು."

ಹೆಸರು ಸೋರಿಹೋಗಬಾರದೆಂದು ಅವರು ನನ್ನಿಂದ ಆಣೆ ಮಾಡಿಸಿಕೊಂಡರು. ಮಗನಿಗೂ ಹೇಳಲಿಲ್ಲ, ಹೆಂಡತಿ ಅಮ್ಮಣ್ಣಿಯವರಿಗೂ ಹೇಳಲಿಲ್ಲ. ಆದರೆ ಗುಟ್ಟಾಗಿ ಅಭ್ಯಾಸ ಮಾಡಬೇಕಲ್ಲ! ಕನ್ನಡಿಯ ಮುಂದೆ ನಿಂತು, ನಾಲಿಗೆಯನ್ನು ಅಂಗುಳಿಗೆ ಮಡಚಿ "ಣ್... ಣ್... ಣಿ..." ಎಂದು ಸಾಧನೆ ಶುರುಮಾಡಿದರು. ಅಮ್ಮಣ್ಣಿಯವರು ಇದನ್ನು ಬಾಗಿಲ ಸಂದಿಯಿಂದ ನೋಡಿ ಅಳುತ್ತಾ ನನ್ನ ಹತ್ತಿರ ಬಂದರು.

"ಮೇಷ್ಟ್ರೇ, ನಮ್ ಮನೆಯವ್ರಿಗೆ ಬಾಯಿ ಎಳ್ಕೊಂಡಿದೆ. ಏನೋ ಹೇಳೋಕೆ ಹೋಗ್ತಾರೆ, ನಾಲಿಗೆ ಹೊರಳ್ತಾ ಇಲ್ಲ. ಲಕ್ವ ಇರ್ಬೋದಾ?"

ಆಣೆ ನೆನಪಾಗಿ ನಾನು "ಗಂಟಲು ಕೆಟ್ಟಿರ್ಬೇಕು" ಎಂದೆ. ಅಂದಿನಿಂದ ಪಾಪ ವಿಜಯಕುಮಾರರಿಗೆ ಮೂರು ಹೊತ್ತೂ ಮೆಣಸಿನ ಕಷಾಯ.

ಅಭ್ಯಾಸ ಪಕ್ಕಾ ಆದ ಮೇಲೆ ಅವರಿಗೆ ಹೊಸ ಅನುಮಾನ ಹುಟ್ಟಿತು. ನಿವಾನ್ ಎಂಬ ಹೆಸರಿನ ಹುಡುಗರು ಊರಲ್ಲಿ ಬೇಕಾದಷ್ಟಿದ್ದಾರೆ. ಣಿವಾನ್ ಎಂದು ಕರೆದರೆ ಆ ನಿವಾನ್‌ಗಳು ತಿರುಗಿ ನೋಡಿದರೆ ಗತಿಯೇನು? ಪರೀಕ್ಷೆ ಮಾಡಲೇಬೇಕು ಎಂದರು. ನಮ್ಮ ಬೀದಿಯಲ್ಲಿ ಮಾಡಿದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ನಾಮಕರಣದ ಹಿಂದಿನ ದಿನ ಸಂಜೆ, ಯಾರೂ ಪರಿಚಯವಿಲ್ಲದ ಜೆ.ಪಿ. ನಗರದ ಒಂದು ಪಾರ್ಕಿಗೆ ನನ್ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ಪಾರ್ಕಿನ ತುಂಬ ಮಕ್ಕಳು ಆಡುತ್ತಿದ್ದವು. ಸುತ್ತ ಬೆಂಚುಗಳ ಮೇಲೆ ತಾಯಂದಿರು ಫೋನ್ ನೋಡುತ್ತಾ ಕೂತಿದ್ದರು.

ಓನರ್ ಜಾರುಬಂಡೆಯ ಪಕ್ಕ ನಿಂತು, ನಾಲಿಗೆ ಮಡಚಿ, ಹೊಟ್ಟೆಯೊಳಗಿನಿಂದ ಕೂಗಿದರು: "ಣಿವಾಽಽನ್!"

ಜಾರುಬಂಡೆಯಿಂದ ಒಬ್ಬ ಇಳಿದು ಬಂದ. ಉಯ್ಯಾಲೆಯಿಂದ ಒಬ್ಬ ಹಾರಿ ಬಂದ. ಮರಳಿನ ಗುಂಡಿಯಿಂದ ಅವಳಿ ಜವಳಿಯಂತಿದ್ದ ಇಬ್ಬರು ಎದ್ದು ಬಂದು "ಎಸ್ ಅಂಕಲ್?" ಎಂದರು.

"ನೀವಲ್ಲ ಕಣ್ರೋ! ನೀವು ನಿವಾನ್. ನಾನ್ ಕರೆದಿದ್ದು ಣಿವಾನ್. ನಾಲಿಗೆ ನೋಡಿ, ಹಿಂಗೆ ಮಡಚ್ಬೇಕು," ಎಂದು ಓನರ್ ಬಾಯಿ ಅಗಲಿಸಿ ತೋರಿಸಿದರು. ಮಕ್ಕಳು ಆಸಕ್ತಿಯಿಂದ ಒಳಗೆ ಇಣುಕಿದವು. ಅವುಗಳನ್ನು ವಾಪಸ್ ಕಳಿಸಲು ಇವರು ಜೇಬಿನಿಂದ ಕಡಲೆಮಿಠಾಯಿ ತೆಗೆದು ಒಂದೊಂದು ಕೊಟ್ಟು, "ಈಗ ಹೋಗಿ, ಮತ್ತೆ ಕರೀತೀನಿ, ಆದ್ರೆ ಬರ್ಬೇಡಿ" ಎಂದರು. ಕಡಲೆಮಿಠಾಯಿ ಸಿಗುತ್ತದೆಂದು ಗೊತ್ತಾದ ಮೇಲೆ ಎರಡನೇ ಕೂಗಿಗೆ ವಿಹಾನ್, ಕಿಯಾನ್, ಆರವ್‌ಗಳೂ ಸೇರಿ ಇಡೀ ಪಾರ್ಕೇ ಓಡಿ ಬಂತು.

ತಾಯಂದಿರು ಫೋನಿನಿಂದ ತಲೆ ಎತ್ತಿದರು. ಅವರ ಕಣ್ಣಿಗೆ ಬಿದ್ದದ್ದು ಇಷ್ಟೇ. ಗುರುತಿಲ್ಲದ ಇಬ್ಬರು ಗಂಡಸರು, ಒಬ್ಬ ಮಕ್ಕಳನ್ನು ಹೆಸರು ಹಿಡಿದು ಕರೆದು ಮಿಠಾಯಿ ಕೊಡುತ್ತಿದ್ದಾನೆ, ಇನ್ನೊಬ್ಬ ಸ್ಕೂಟರ್ ಹತ್ತಿರ ಕಾಯುತ್ತಿದ್ದಾನೆ. ಆ ಇನ್ನೊಬ್ಬ ನಾನು. ತಲೆ ಎತ್ತಿದಷ್ಟೇ ಬೇಗ ತಲೆ ತಗ್ಗಿಸಿ ಅವರೆಲ್ಲ ಟೈಪ್ ಮಾಡತೊಡಗಿದರು. "ಪಾರ್ಕಲ್ಲಿ ಯಾರೋ ಅಂಕಲ್" ಎಂದು ಹೊರಟ ಸಂದೇಶ ಮೂರನೇ ಗುಂಪು ತಲುಪುವಾಗ "ನಾಲಿಗೆ ತೋರಿಸಿ ಮಕ್ಕಳನ್ನು ಮಂಕು ಮಾಡುವ ಗ್ಯಾಂಗ್" ಆಗಿತ್ತು. ಐದನೇ ಗುಂಪಿನಲ್ಲಿ ನಮ್ಮ ಸ್ಕೂಟರು ಕಪ್ಪು ವ್ಯಾನ್ ಆಗಿತ್ತು. ಪೊಲೀಸ್ ಜೀಪು ಬಂದು ನಿಂತಾಗ ಓನರ್ ಒಬ್ಬ ನಿವಾನ್‌ಗೆ ಇನ್ನೂ ಉಚ್ಚಾರಣೆ ಹೇಳಿಕೊಡುತ್ತಿದ್ದರು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಭೀಮರಾಯ ಕೂತಿದ್ದರು. ಯಾದಗಿರಿ ಕಡೆಯವರು, ದಪ್ಪ ಮೀಸೆ.

"ಹೆಸರು?"

"ವಿಜಯಕುಮಾರ್, ತಂದೆ ಚಿಕ್ಕಬೈರಪ್ಪ, ಹೊಸಕೆರೆಹಳ್ಳಿ. ನಾನೇನೂ ಮಾಡಿಲ್ಲ ಸಾರ್."

ಮೂಲೆಯಲ್ಲಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ತಲೆ ಎತ್ತಿ "ಕರೆದ್ರಾ ಸಾರ್?" ಎಂದ. ಅವನ ಎದೆಯ ಮೇಲಿನ ಪಟ್ಟಿಯಲ್ಲಿ ವಿಜಯಕುಮಾರ್ ಎಂದೇ ಇತ್ತು. ಓನರ್ ನನ್ನ ಕಡೆ ತಿರುಗಿ, ನೋಡಿದ್ರಾ ಎಂಬಂತೆ ಕಣ್ಣು ಬಿಟ್ಟರು.

"ಪಾರ್ಕಿನಾಗ ಏನ್ ಮಾಡ್ಲಿಕ್ಕೆ ಹತ್ತಿದ್ರಿ?"

"ಮೊಮ್ಮಗನ ಹೆಸರು ಕೂಗ್ತಿದ್ದೆ ಸಾರ್."

"ಮೊಮ್ಮಗ ಪಾರ್ಕಿನಾಗ ಇದ್ದನೇನು?"

"ಇಲ್ಲ ಸಾರ್, ವಿಲ್ಸನ್ ಗಾರ್ಡನ್‌ನಲ್ಲಿದ್ದಾನೆ."

"ಅಲ್ಲಿದ್ದವನ್ನ ಇಲ್ಲಿಂದ ಕರೀತೀರೇನು? ಆತನ ಹೆಸರೇನು?"

"ಅದ್ ಹೇಳೋಕಾಗಲ್ಲ ಸಾರ್. ಸೀಕ್ರೆಟ್ಟು."

ಭೀಮರಾಯರ ಮೀಸೆ ಎರಡೂ ಕಡೆ ಮೇಲೇರಿತು. ಅವರು ದೀಪಕ್‌ಗೆ ಫೋನ್ ಹಚ್ಚಿ ಸ್ಪೀಕರ್‌ನಲ್ಲಿಟ್ಟರು.

"ನಿಮ್ಮ ಮಗನ ಹೆಸರೇನ್ರೀ?"

"ಗೊತ್ತಿಲ್ಲ ಸಾರ್," ಎಂದಿತು ದೀಪಕ್‌ನ ಪ್ರಾಮಾಣಿಕ ದನಿ. "ಅಪ್ಪನಿಗ್ ಮಾತ್ರ ಗೊತ್ತು."

"ಹೆತ್ತ ತಂದೆಗೇ ಗೊತ್ತಿಲ್ಲ!" ಎಂದು ಭೀಮರಾಯರು ಮೇಜು ಗುದ್ದಿದರು. "ನೀವು ಹೇಳ್ರೀ, ನೀವು ಯಾರು?"

ನಾನು ಎದ್ದು ನಿಂತು, ಕನ್ನಡ ಮೇಷ್ಟ್ರು ಎಂದೆ. ಹಸ್ತಾ ನಕ್ಷತ್ರ, ಮೂರನೇ ಪಾದ, ಮೂರ್ಧನ್ಯ ಅನುನಾಸಿಕ ಎಂದೆಲ್ಲ ವಿವರಿಸಿದೆ. ಆಣೆ ಮುರಿದದ್ದಕ್ಕೆ ಓನರ್ ನನ್ನನ್ನು ದುರುಗುಟ್ಟಿ ನೋಡಿದರು. ಆದರೆ ಲಾಕಪ್ಪಿನ ಕಂಬಿ ಕಣ್ಣಿಗೆ ಕಾಣುವಾಗ ಆಣೆ ಕಾಣುವುದಿಲ್ಲ. ಎಲ್ಲ ಕೇಳಿ ಭೀಮರಾಯರು ಕುರ್ಚಿಗೆ ಒರಗಿ, ನಗಬೇಕೋ ಬೈಯಬೇಕೋ ತಿಳಿಯದೆ ಹೊಟ್ಟೆ ಹಿಡಿದುಕೊಂಡರು.

"ಯಜಮಾನ್ರ, ನಮ್ಮ ಕಡೆ ಣ ಬೇರೆ, ನ ಬೇರೆ, ಬರೋಬ್ಬರಿ ಕೇಳ್ತದ. ಒಪ್ಪಿದೆ. ಆದ್ರ ಸಾಲಿ, ಆಧಾರ್, ಪಾಸ್‌ಪೋರ್ಟ್, ಎಲ್ಲಾ ಇಂಗ್ಲಿಷ್‌ನಾಗ ಬರೀಬೇಕಲ್ಲ? ಇಂಗ್ಲಿಷ್‌ನಾಗ ಣಕ್ಕೂ ಎನ್ನು, ನಕ್ಕೂ ಎನ್ನು. ನಿಮ್ಮ ಹುಡುಗನೂ ನಿವಾನೇ ಆಗ್ತಾನ." ಅವರು ಎದ್ದು ಬಾಗಿಲು ತೋರಿಸಿದರು. "ನನ್ನ ತಂಗಿ ಮಗನ ಹೆಸರೂ ಅದೇ ಅದ. ಹೋಗ್ರಿ ಮನಿಗೆ."

ವಿಜಯಕುಮಾರರು ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ಅವರನ್ನು ಒಳಗೆ ಹಾಕಿದ್ದರೂ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. "ಎನ್ನು... ಎನ್ನು..." ಎಂದು ಗೊಣಗುತ್ತಿದ್ದ ಆ ಮನುಷ್ಯನನ್ನು ಕಂಡು ನನಗೆ ನಿಜವಾಗಿಯೂ ಅಳು ಬಂತು. ನಾಲ್ಕನೇ ಪಾದಕ್ಕೆ ಜಾರಿದರೆ ಠ ಸಿಗುತ್ತದೆ ಎಂದು ಸಮಾಧಾನ ಹೇಳಲು ಹೋದೆ. "ಠಕ್ಕ ಅಂತ ಇಡ್ಲಾ ಮೇಷ್ಟ್ರೇ?" ಎಂದು ಕೇಳಿದರು.

ಮಾರನೆಯ ದಿನ ಮನೆಯ ಮುಂದೆ ಶಾಮಿಯಾನ, ಒಳಗೆ ಒಬ್ಬಟ್ಟಿನ ಘಮ. ಶುಭಾ ಮಗುವನ್ನು ಎತ್ತಿಕೊಂಡು ತವರಿನವರ ಜೊತೆ ಬಂದಿಳಿದಳು. ಕಾರಿನ ಡಿಕ್ಕಿಯಿಂದ ಬ್ಯಾಗುಗಳನ್ನು ಇಳಿಸಲಿಲ್ಲ. "ಹೆಸರು ಕೇಳಿದ್ಮೇಲೆ ಇಳಿಸ್ತೀನಿ ಮಾವ" ಎಂದು ನಗುತ್ತಲೇ ಹೇಳಿದಳು. ಅವಳ ಗೆಳತಿಯರು, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ಎಳೆಯ ತಾಯಂದಿರು, ಮುಂದಿನ ಸಾಲಿನಲ್ಲಿ ಕೂತರು. ಅವರಲ್ಲಿ ಯಾರಾದರೂ ನಿನ್ನೆ ಪಾರ್ಕಿನಲ್ಲಿ ಇದ್ದರೋ ಎಂಬ ಭಯಕ್ಕೆ ನಾನು ಮಂಗಳವಾದ್ಯದವರ ಹಿಂದೆ ಜಾಗ ಹಿಡಿದೆ. ಬೀದಿಯ ವಿಜಯಕುಮಾರರೆಲ್ಲ ರೇಷ್ಮೆ ಪಂಚೆ ಉಟ್ಟು ಹಾಜರಾಗಿದ್ದರು.

ಹೆಸರೇ ಇಲ್ಲ ಎಂಬ ಸತ್ಯ ಇಡೀ ಶಾಮಿಯಾನದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಅದರಲ್ಲಿ ಒಬ್ಬರು ಅಕ್ಕಿ ಹರಡಿದ ತಟ್ಟೆಯ ಮುಂದೆ, ಚಿನ್ನದ ಉಂಗುರ ಹಿಡಿದು, ಬೆವರುತ್ತಾ ಕೂತಿದ್ದರು. ಕೈ ತಾನಾಗಿ ಣ ಎಂದು ಸುತ್ತಿ ಬರೆಯಿತು. ಅಳಿಸಿದರು. ನ ಎಂದು ಬರೆಯಿತು. ಅದನ್ನೂ ಅಳಿಸಿದರು. ಮಗಳು ಚೈತ್ರ, ಅಂದರೆ ಮಗುವಿನ ಸೋದರತ್ತೆ, ಕಿವಿಯಲ್ಲಿ ಹೆಸರು ಹೇಳಲು ಮಗುವಿನ ಪಕ್ಕ ಬಗ್ಗಿ ಸಿದ್ಧಳಾಗಿದ್ದಳು. ಮೈಕ್ ಹಿಡಿದ ಪುರೋಹಿತ ನಚಿಕೇತರಿಗೆ ಮುಂದೆ ಬನಶಂಕರಿಯಲ್ಲಿ ಗೃಹಪ್ರವೇಶವಿತ್ತು. ಬ್ಲೂಟೂತ್‌ನಲ್ಲಿ ಯಾರಿಗೋ "ಹಸು ರೆಡಿನಾ? ಕರು ಎಲ್ಲಿ?" ಎನ್ನುತ್ತಿದ್ದವರು ಮುಹೂರ್ತ ಮೀರುತ್ತಿದ್ದುದು ಕಂಡು ಗಡಸು ದನಿಯಲ್ಲಿ, ಸಾಕ್ಷಾತ್ ಭೀಮರಾಯರಂತೆಯೇ ಕೇಳಿದರು:

"ಹೆಸರು?"

ವಿಜಯಕುಮಾರರು ಬೆಚ್ಚಿಬಿದ್ದರು. ಎರಡೂ ಕೈ ತಾನಾಗಿ ಮೇಲೆ ಹೋಯಿತು.

"ವಿಜಯಕುಮಾರ್!"

ಮೈಕಿನಲ್ಲಿ ಅದು ಹೊಸಕೆರೆಹಳ್ಳಿಯ ಕೆರೆ ಏರಿಯವರೆಗೂ ಕೇಳಿಸಿತು. ಶಾಮಿಯಾನದಲ್ಲಿದ್ದ ವಿಜಯಕುಮಾರರೆಲ್ಲ ಒಟ್ಟಿಗೆ ಎದ್ದು ನಿಂತರು. "ತಂದೆ ಚಿಕ್ಕಬೈರಪ್ಪ, ನಾನೇನೂ ಮಾಡಿ..." ಎಂದು ನಮ್ಮವರು ಮುಂದುವರಿಸುವಷ್ಟರಲ್ಲಿ ವಾದ್ಯದವರು ಗಟ್ಟಿಮೇಳ ಬಾರಿಸಿಬಿಟ್ಟರು. ಚೈತ್ರ ಮಗುವಿನ ಕಿವಿಯಲ್ಲಿ "ವಿಜಯಕುಮಾರ್, ವಿಜಯಕುಮಾರ್, ವಿಜಯಕುಮಾರ್" ಎಂದು ಮುಗಿಸಿದಳು. ಅಕ್ಷತೆ ಬಿತ್ತು. ಮಗು ಆಕಳಿಸಿತು.

"ಅಯ್ಯೋ ನಿಲ್ಸಿ! ಅದು ಅವನ ಹೆಸರಲ್ಲ, ನನ್ ಹೆಸರು!" ಎಂದು ಓನರ್ ಎದ್ದು ಕುಣಿದಾಡಿದರು.

"ಕಿವಿಗೆ ಬಿದ್ದಾಯ್ತು ಯಜಮಾನ್ರೇ, ವಾಪಸ್ ತಗೊಳ್ಳೋಕೆ ಮಂತ್ರ ಇಲ್ಲ," ಎಂದು ನಚಿಕೇತರು ಚೀಲ ಹೆಗಲಿಗೇರಿಸಿದರು. "ಅಲ್ಲ ಸ್ವಾಮಿ, ಆ ಣ?" ಎಂದು ನಾನು ವಾದ್ಯದ ಹಿಂದಿನಿಂದ ಕೇಳಿದೆ. "ಅಕ್ಷರ ಜಾತಕದಲ್ಲಿ ಇರುತ್ತೆ ಬಿಡಿ. ಹಲೋ, ಕರು ಸಿಕ್ತಾ?" ಎನ್ನುತ್ತಾ ಅವರು ಬನಶಂಕರಿಗೆ ಹೊರಟೇ ಹೋದರು.

ಎಲ್ಲರ ಕಣ್ಣೂ ಶುಭಾಳ ಮೇಲೆ. ಅವಳು ಮಾವನನ್ನು ನೋಡಿದಳು, ಮಗುವನ್ನು ನೋಡಿದಳು, ಬ್ಯಾಗುಗಳಿದ್ದ ಕಾರನ್ನು ನೋಡಿದಳು. ವಿಜಯಕುಮಾರರು ಅವಳ ಮುಂದೆ ಕೈ ಮುಗಿದು ನಿಂತರು. ಅವರ ತುಟಿ ನಡುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಅಮ್ಮಣ್ಣಿಯವರು ಲಕ್ವವೇ ಎಂದು ಖಚಿತ ಮಾಡಿಕೊಂಡು ಸೆರಗು ಬಾಯಿಗೆ ಹಿಡಿದರು.

ಆಗ ಮುಂದಿನ ಸಾಲಿನಿಂದ ಒಬ್ಬ ಗೆಳತಿ ಕಿರುಚಿದಳು. "ವಿಜಯ್‌ಕುಮಾರ್! ಓ ಮೈ ಗಾಡ್ ಶುಭಾ, ಎಷ್ಟ್ ಯುನೀಕಾಗಿದೆ! ಎಲ್ಲಿಂದ ಹುಡುಕಿದ್ರಿ? ಸಂಸ್ಕೃತಾನಾ?"

"ಸಖತ್ ವಿಂಟೇಜ್ ಕಣೇ!" ಎಂದಳು ಇನ್ನೊಬ್ಬಳು. "ನಮ್ ಪ್ಲೇಸ್ಕೂಲ್‌ನಲ್ಲಿ ನಿವಾನ್‌ಗಳೇ ಒಂದು ಬೆಂಚ್ ಆಗ್ತಾರೆ. ಮಿಸ್ ಅವ್ರಿಗೆ ನಂಬರ್ ಕೊಟ್ಟಿದಾರೆ. ವಿಜಯ್‌ಕುಮಾರ್ ಅಂತ ಒಬ್ಬನೂ ಇಲ್ಲ. ಇಡೀ ಜೆ.ಪಿ. ನಗರದಲ್ಲೇ ಇಲ್ಲ!"

"ನಾನ್ ಹಿಂಗೊಂದ್ ಹೆಸರಿದೆ ಅಂತಾನೇ ಕೇಳಿರ್ಲಿಲ್ಲ," ಎಂದು ಮೂರನೆಯವಳು ಹೊಟ್ಟೆಕಿಚ್ಚಿನಿಂದ ತನ್ನ ಕಿಯಾನ್‌ನ ಮೂಗು ಒರೆಸಿದಳು.

ಎದ್ದು ನಿಂತಿದ್ದ ವಿಜಯಕುಮಾರರೆಲ್ಲ ಪರಸ್ಪರ ಮುಖ ನೋಡಿಕೊಂಡರು. ಅರವತ್ತು ವರ್ಷ ಆ ಹೆಸರು ಹೊತ್ತು ತಿರುಗಿದವರಿಗೆ ಅದು ಅಪರೂಪದ ವಸ್ತುವಾಗಿ ಹೋಗಿದೆ ಎಂದು ಅಂದೇ ಗೊತ್ತಾದದ್ದು. ಹಾಲಿನ ವಿಜಯಕುಮಾರರು ಜುಬ್ಬದ ಕಾಲರ್ ಸರಿಮಾಡಿಕೊಂಡರು. ಸೆಂಟ್ರಿಂಗ್‌ನವರ ಕಣ್ಣಲ್ಲಿ ನೀರು ಬಂತು. ಶುಭಾ ಗೆಳತಿಯರನ್ನು ಒಂದು ಸುತ್ತು ನೋಡಿ, ಮುಖದ ತುಂಬ ನಕ್ಕು, "ದೀಪಕ್, ಬ್ಯಾಗ್ ಇಳ್ಸು" ಎಂದಳು.

ನಮ್ಮ ವಿಜಯಕುಮಾರರು ಆಮೇಲೆ ಕೂತಿದ್ದು ಊಟದ ಪಂಕ್ತಿಯಲ್ಲೇ. ಒಬ್ಬಟ್ಟು ಬಡಿಸಿದವರಿಗೆಲ್ಲ "ನಾನ್ ಬೇಕೂಂತಲೇ ಪ್ಲಾನ್ ಮಾಡಿದ್ದು. ಇಡೀ ಬೆಂಗಳೂರಲ್ಲಿ ಈ ವಯಸ್ಸಿನ ವಿಜಯಕುಮಾರ ಇವನೊಬ್ಬನೇ" ಎಂದು ಹೇಳಿಕೊಂಡರು. ಮಾರನೆಯ ದಿನವೇ ಮೊಮ್ಮಗನನ್ನು ಎತ್ತಿಕೊಂಡು ಕೆರೆ ಕಡೆ ಹೋಗಿ, ಎದುರು ಸಿಕ್ಕವರಿಗೆಲ್ಲ ಪರಿಚಯ ಮಾಡಿಸಿ ಬಂದರು. ಇಲ್ಲಿಗೆ ಎಲ್ಲವೂ ಸುಖಾಂತ್ಯವಾಯಿತು ಎಂದು ನಾನೂ ನಂಬಿದ್ದೆ. ಇಡೀ ಊರಿನ ಲೆಕ್ಕ ಹಾಕಿದ ಆ ಮನುಷ್ಯ ತನ್ನ ಮನೆಯ ಲೆಕ್ಕವನ್ನೇ ಮರೆತಿದ್ದರು.

ಮೊದಲ ಪೆಟ್ಟು ಬಿದ್ದದ್ದು ಅಮ್ಮಣ್ಣಿಯವರಿಗೆ. ಮದುವೆಯಾದಂದಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ಈಗ ಮೊಮ್ಮಗನನ್ನು ಏನೆಂದು ಕರೆಯುವುದು? ಹೆಸರು ಹೇಳುವಂತಿಲ್ಲ, ಆ ಹೆಸರಿನವನನ್ನು ಏಕವಚನದಲ್ಲಿ ಕರೆಯಲು ನಾಲಿಗೆ ಏಳುವುದಿಲ್ಲ. ಬಟ್ಟಲು ಹಿಡಿದು ತೊಟ್ಟಿಲ ಮುಂದೆ ನಿಂತು, "ರೀ, ಹಾಲ್ ಕುಡೀರಿ. ಹಠ ಮಾಡ್ಬೇಡ್ರಿ" ಎಂದು ಬೇಡಿಕೊಳ್ಳುವುದು ನನಗೆ ಮಹಡಿಯವರೆಗೂ ಕೇಳಿಸುತ್ತದೆ. ತೊಟ್ಟಿಲಿನವನು ಓಗೊಡುವುದಿಲ್ಲ. ಹಾಲ್‌ನಲ್ಲಿ ಪೇಪರ್ ಓದುತ್ತಿರುವವರು "ಬೇಡ ಕಣೇ, ಈಗ್ತಾನೇ ಕಾಫಿ ಆಯ್ತು" ಎನ್ನುತ್ತಾರೆ.

ಶುಭಾಳಿಗೆ ಮಾತ್ರ ಅಂಥ ಸಂಕೋಚವೇನೂ ಇಲ್ಲ. ಮಾವನ ಹೆಸರಾದರೇನು, ಮಗ ತನ್ನ ಮಗ. ಮೊನ್ನೆ ದೇವಸ್ಥಾನದ ಕಮಿಟಿಯವರು ನಮ್ಮ ವಿಜಯಕುಮಾರರನ್ನು ಅಧ್ಯಕ್ಷರಾಗಿ ಎಂದು ಕೇಳಿಕೊಳ್ಳಲು ಹಾರ, ಶಾಲು ಹಿಡಿದು ಬಂದಿದ್ದರು. ನಾನೂ ಅಲ್ಲೇ ಕೂತಿದ್ದೆ. ಬೀದಿಯ ನಾಲ್ಕಾರು ಹಿರಿಯರೂ ಇದ್ದರು. ಓನರ್ ಕುತ್ತಿಗೆ ಬಗ್ಗಿಸಿ ಹಾರ ಹಾಕಿಸಿಕೊಳ್ಳುತ್ತಿರುವಾಗ ಒಳಗಿನ ಕೋಣೆಯಿಂದ ಶುಭಾಳ ಗುಡುಗು ಕೇಳಿಸಿತು.

"ವಿಜಯಕುಮಾರ್! ಮತ್ತೆ ಒದ್ದೆ ಮಾಡ್ಕೊಂಡ್ಯಾ?"

ಕಮಿಟಿಯವರು ಹಾರ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಹಿರಿಯರೆಲ್ಲ ಒಟ್ಟಿಗೆ ತಲೆ ತಗ್ಗಿಸಿ ಓನರ್ ಪಂಚೆಯ ಕಡೆ ನೋಡಿದರು. ನಮ್ಮ ವಿಜಯಕುಮಾರರು ಥಟ್ಟನೆ ಎದ್ದು ನಿಂತು, ಪಂಚೆಯನ್ನು ಹಿಂದೆ ಮುಂದೆ ಮುಟ್ಟಿ ನೋಡಿಕೊಂಡು, ಒಳಗೆ ಕೇಳುವಂತೆ ಜೋರಾಗಿ ಹೇಳಿದರು:

"ಇಲ್ಲಮ್ಮಾ!"